ಹೆಸರು ಐದು, ಕೋಡ್ ಒಂದೇ

ಮುಂಬೈಯಲ್ಲಿ 9820ರಿಂದ ಶುರುವಾಗುವ ಮೊಬೈಲ್ ನಂಬರ್ ಇದ್ದವರಿಗೆ ಜನ ಈಗಲೂ ಒಂದು ಚೂರು ಮರ್ಯಾದೆ ಜಾಸ್ತಿ ಕೊಡುತ್ತಾರೆ. ಹಳೇ ಕುಳ ಅಂತ ಲೆಕ್ಕ. ಹೊರಹೋಗುವ ಕರೆಗೆ ನಿಮಿಷಕ್ಕೆ 16 ರೂಪಾಯಿಯವರೆಗೆ ಕೊಟ್ಟು, ಬಂದ ಕರೆಗೂ ದುಡ್ಡು ತೆತ್ತು ಮಾತಾಡಿದ ಕಾಲದವರು ಅವರು. ಮಾಟುಂಗಾ ಕಡೆಯ ನಮ್ಮ ಹೋಟೆಲ್ ಯಜಮಾನರಲ್ಲಿ ಇಂಥ ನಂಬರಿನವರು ಸಿಗುತ್ತಾರೆ. ಯಾವ ಕಂಪನಿ ಅಂತ ಕೇಳಿ ನೋಡಿ, ‘ಹಚ್’ ಅನ್ನುತ್ತಾರೆ. ಆ ಹೆಸರು ಹೋಗಿ ಎಷ್ಟು ಕಾಲವಾಯಿತು!

ಪಾಪ, ಅವರ ತಪ್ಪಲ್ಲ. ಒಂದೇ ಕಂಪನಿ ಈ ಊರಲ್ಲಿ ಐದು ಹೆಸರು ಹಾಕಿಕೊಂಡಿದೆ. 1994ರಲ್ಲಿ ಸರ್ಕಾರ ಮುಂಬೈಗೆ ಎರಡು ಮೊಬೈಲ್ ಲೈಸೆನ್ಸ್ ಕೊಟ್ಟಿತು, ಒಂದು ಹಚಿಸನ್ ಮ್ಯಾಕ್ಸ್‌ಗೆ, ಇನ್ನೊಂದು ಬಿಪಿಎಲ್‌ಗೆ. ಹಚಿಸನ್‌ನವರು 1995ರಲ್ಲಿ ‘ಮ್ಯಾಕ್ಸ್ ಟಚ್’ ಅಂತ ಅಂಗಡಿ ತೆರೆದರು. 2000ದಲ್ಲಿ ಅದು ‘ಆರೆಂಜ್’ ಆಯಿತು. ಇಲ್ಲಿ ಸ್ವಲ್ಪ ತಮಾಷೆ ಇದೆ. ಆರೆಂಜ್ ಬ್ರಾಂಡನ್ನು 1994ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟುಹಾಕಿದ್ದು ಹಚಿಸನ್‌ನವರೇ, ಆದರೆ 1999ರಲ್ಲಿ ಅದನ್ನು ಜರ್ಮನಿಯ ಮನ್ನೆಸ್‌ಮನ್‌ಗೆ ಮಾರಿಬಿಟ್ಟರು, ಮರುವರ್ಷ ವೊಡಾಫೋನ್ ಬಂದು ಮನ್ನೆಸ್‌ಮನ್ನನ್ನೇ ನುಂಗಿತು, ಬ್ರಿಟನ್ನಿನಲ್ಲಿ ವೊಡಾಫೋನ್, ಆರೆಂಜ್ ಎರಡೂ ನಿಮ್ಮ ಹತ್ತಿರ ಇರಬಾರದು ಅಂತ ಯುರೋಪಿನ ಅಧಿಕಾರಿಗಳು ಹೇಳಿದ್ದಕ್ಕೆ ಆರೆಂಜ್ ಫ್ರಾನ್ಸ್ ಟೆಲಿಕಾಂ ಕೈಗೆ ಹೋಯಿತು. ಅಂದರೆ ಮುಂಬೈಯ ಬೋರ್ಡಿನ ಮೇಲಿದ್ದ ಹೆಸರು ಫ್ರೆಂಚರದ್ದು, ಒಳಗಿನ ಬಂಡವಾಳ ಹಾಂಕಾಂಗಿನ ಹಚಿಸನ್‌ನವರದು. 2005ರಲ್ಲಿ ಗುಲಾಬಿ ಬಣ್ಣ ಬಳಿದು ‘ಹಚ್’ ಅಂದರು. 2007ರಲ್ಲಿ ಕೆಂಪು ಬಳಿದು ‘ವೊಡಾಫೋನ್’ ಅಂದರು. ಜಾಹೀರಾತಿನ ಪಗ್ ನಾಯಿ ಮಾತ್ರ ಹಳೇ ಮಾಲೀಕನಿಂದ ಹೊಸ ಮಾಲೀಕನಿಗೆ ಹಾಗೇ ವರ್ಗವಾಯಿತು. 2018ರಲ್ಲಿ ಐಡಿಯಾ ಜೊತೆ ವಿಲೀನ, 2020ರ ಸೆಪ್ಟೆಂಬರಿನಲ್ಲಿ ‘ವಿ’.

ಹಚಿಸನ್‌ನವರು ತಮ್ಮ ಪಾಲನ್ನು ವೊಡಾಫೋನ್‌ಗೆ ಮಾರಿದ 2007ರ ವ್ಯವಹಾರ ಸುಮಾರು 1,100 ಕೋಟಿ ಡಾಲರಿನದು. ಕಾಗದದ ಮೇಲೆ ಕೈ ಬದಲಾಗಿದ್ದು ಕೇಮನ್ ದ್ವೀಪದ ಒಂದು ಕಂಪನಿಯ ಷೇರು. ತೆರಿಗೆ ಕಟ್ಟಬೇಕೋ ಬೇಡವೋ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 2012ರಲ್ಲಿ ವೊಡಾಫೋನ್ ಪರ ತೀರ್ಪು ಬಂತು. ಇಷ್ಟೆಲ್ಲ ಆದರೂ ಆ ಮಾರಾಟದ ರಾತ್ರಿ ಮುಂಬೈಯಲ್ಲಿ ಯಾರ ಕರೆಯೂ ಕಟ್ ಆಗಲಿಲ್ಲ, ಯಾರೂ ಸಿಮ್ ಬದಲಾಯಿಸಲಿಲ್ಲ. ಯಾಕೆ?

ಯಾಕೆಂದರೆ ನಿಮ್ಮ ಫೋನಿಗೂ ಟವರಿಗೂ ಕಂಪನಿಯ ಹೆಸರು ಬೇಕಾಗಿಲ್ಲ. ಸಿಮ್ ಒಳಗೆ ಐಎಂಎಸ್ಐ ಅಂತ 15 ಅಂಕಿಯ ಒಂದು ಗುರುತಿನ ಸಂಖ್ಯೆ ಇರುತ್ತದೆ. ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404. ಮುಂದಿನ ಎರಡು ಅಂಕಿ ಯಾವ ಕಂಪನಿಯ ಯಾವ ವಲಯದ ಜಾಲ ಅನ್ನುವುದಕ್ಕೆ, ಉಳಿದದ್ದು ಗ್ರಾಹಕನಿಗೆ. ಮುಂಬೈಯ ಮ್ಯಾಕ್ಸ್ ಟಚ್ ಜಾಲದ ಕೋಡ್ 20. ಪ್ರತಿ ಟವರೂ ಸದಾ ‘ನಾನು 404-20’ ಅಂತ ಗಾಳಿಯಲ್ಲಿ ಸಾರುತ್ತಿರುತ್ತದೆ. ಫೋನ್ ಆನ್ ಆದ ಕೂಡಲೇ ಸುತ್ತ ಕೇಳಿಸುವ ಕೋಡುಗಳಲ್ಲಿ ತನ್ನದು ಯಾವುದು ಅಂತ ಹುಡುಕುತ್ತದೆ. ಸಿಕ್ಕಿದ ಮೇಲೆ ಒಂದು ಪರೀಕ್ಷೆ. ಜಾಲ ಒಂದು ಮನಸ್ಸಿಗೆ ಬಂದ ಸಂಖ್ಯೆ ಕಳಿಸುತ್ತದೆ, ಸಿಮ್ ತನ್ನೊಳಗಿನ ರಹಸ್ಯ ಕೀಲಿ ಬಳಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ, ಅದೇ ಕೀಲಿಯ ಪ್ರತಿ ಇಟ್ಟುಕೊಂಡ ಕಂಪನಿಯ ಕಂಪ್ಯೂಟರ್ ತಾನೂ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಕೀಲಿ ಮಾತ್ರ ಒಮ್ಮೆಯೂ ಗಾಳಿಗೆ ಬರುವುದಿಲ್ಲ. ಈ ಇಡೀ ಮಾತುಕತೆಯಲ್ಲಿ ಆರೆಂಜೂ ಇಲ್ಲ, ಹಚ್ಚೂ ಇಲ್ಲ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಮಾಲೀಕರು ಬದಲಾದಾಗ ಬೋರ್ಡ್ ಬದಲಾಗಿ ಅಡುಗೆ ಭಟ್ಟರು ಅವರೇ ಉಳಿಯುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ಹಾಗಾದರೆ ಸ್ಕ್ರೀನ್ ಮೇಲೆ ಕಾಣುವ ಹೆಸರು? ಅದು ಮೂರು ಕಡೆಯಿಂದ ಬರಬಹುದು. ಫೋನ್ ತಯಾರಿಸಿದವರು ತುಂಬಿಸಿಟ್ಟ ಪಟ್ಟಿಯಿಂದ, ಸಿಮ್‌ನಲ್ಲಿರುವ ಒಂದು ಪುಟ್ಟ ಕಡತದಿಂದ, ಇಲ್ಲವೇ ಜಾಲವೇ ಕಳಿಸುವ ಸಂದೇಶದಿಂದ. ಪಟ್ಟಿ ಹಳೆಯದಾದರೆ ಹಳೇ ಹೆಸರೇ ಕಾಣುತ್ತದೆ. ಕಂಪನಿ ಹೆಸರು ಬದಲಿಸಿದ ಮೇಲೂ ಕೆಲವು ಹಳೇ ಹ್ಯಾಂಡ್‌ಸೆಟ್ ಹಿಂದಿನ ಹೆಸರನ್ನೇ ತೋರಿಸುವುದು ಇದಕ್ಕೇ.

ಈಗ ಒಂದು ಮಜಾ ನೋಡಿ. 9820, ಕೋಡ್ 20. ಬಿಪಿಎಲ್ ಮುಂಬೈ 9821, ಕೋಡ್ 21. ಮುಂಬೈ ಎಂಟಿಎನ್‌ಎಲ್‌ನ ಡಾಲ್ಫಿನ್ 9869, ಕೋಡ್ 69. ಮುಂಬೈ ಏರ್‌ಟೆಲ್ 9892, ಕೋಡ್ 92. ಊರ ಕಡೆ ನೋಡಿದರೂ ಅದೇ. ಕರ್ನಾಟಕದ ಸ್ಪೈಸ್ 9844, ಕೋಡ್ 44. ಏರ್‌ಟೆಲ್ 9845, ಕೋಡ್ 45. ಹಚ್ 9886, ಕೋಡ್ 86. ಎಲ್ಲ ಕಡೆ ಹೊಂದುವುದಿಲ್ಲ. ಪುಣೆ, ಗೋವಾದವರ 9822ಕ್ಕೆ ಕೋಡ್ 22 ಸರಿ, ಆದರೆ 9823ಕ್ಕೆ 27.

ಹೆಸರು ಬರೀ ಬಣ್ಣ ಅಂದಮೇಲೆ ಕಂಪನಿಯ ಜೀವ ಎಲ್ಲಿದೆ? ಲೈಸೆನ್ಸ್ ಮತ್ತು ತರಂಗದಲ್ಲಿ. ಇದಕ್ಕೆ ಬಿಪಿಎಲ್ ಕತೆ ನೋಡಬೇಕು. ಅವರ ಮಹಾರಾಷ್ಟ್ರ-ಗೋವಾ ಭಾಗ ಹಚ್ ಪಾಲಾಯಿತು, ಮುಂಬೈ ಮಾತ್ರ ಹೊರಗೆ ಉಳಿಯಿತು. 2009ರಲ್ಲಿ ಅದಕ್ಕೆ ‘ಲೂಪ್’ ಅಂತ ಹೊಸ ಹೆಸರಿಟ್ಟರು. ಲೂಪ್, ವೊಡಾಫೋನ್ ಎರಡೂ ಕಂಪನಿಗಳ 20 ವರ್ಷದ ಮುಂಬೈ ಲೈಸೆನ್ಸ್ 2014ರ ನವೆಂಬರಿಗೆ ಮುಗಿಯುವುದಿತ್ತು. ಆ ಫೆಬ್ರವರಿಯಲ್ಲಿ ಸರ್ಕಾರ 900 ಮೆಗಾಹರ್ಟ್ಸ್ ತರಂಗಗಳನ್ನು ಹರಾಜಿಗಿಟ್ಟಿತು. ಇವು ಸುಮಾರು 33 ಸೆಂಟಿಮೀಟರ್ ಉದ್ದದ ಅಲೆಗಳು. 1,800ರ ಅಲೆಗಿಂತ ದೂರ ಹೋಗುತ್ತವೆ, ಗೋಡೆ ದಾಟಿ ಒಳಕೋಣೆಗೂ ಚೆನ್ನಾಗಿ ಬರುತ್ತವೆ, ಕಟ್ಟಡಕ್ಕೆ ಕಟ್ಟಡ ಅಂಟಿಕೊಂಡ ಈ ಊರಲ್ಲಿ ಚಿನ್ನದಂಥ ಸರಕು. ಮುಂಬೈಯಲ್ಲಿ ವೊಡಾಫೋನ್ 11 ಮೆಗಾಹರ್ಟ್ಸ್ ಹಿಡಿಯಿತು, ಏರ್‌ಟೆಲ್ 5. ಲೂಪ್ ಹರಾಜಿಗೇ ಇಳಿಯಲಿಲ್ಲ. ಏರ್‌ಟೆಲ್‌ಗೆ ಮಾರಿಕೊಳ್ಳುವ ಮಾತುಕತೆಯೂ ಮುರಿದುಬಿತ್ತು. ನವೆಂಬರ್ ಕೊನೆಗೆ ಲೂಪ್ ಟವರುಗಳು ಸುಮ್ಮನಾದವು. ಹೊಸ ಲೋಗೋ, ಹೊಸ ಬಣ್ಣ ಯಾವುದೂ ಕೈಹಿಡಿಯಲಿಲ್ಲ.

ಗ್ರಾಹಕರ ನಂಬರ್ ಮಾತ್ರ ಬದುಕಿತು, 2011ರ ಜನವರಿಯಿಂದ ದೇಶವೆಲ್ಲ ಪೋರ್ಟಿಂಗ್, ಅಂದರೆ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ, ಬಂದಿತ್ತಲ್ಲ. ಪೋರ್ಟ್ ಮಾಡಿದಾಗ ಹೊಸ ಸಿಮ್ ಕೊಡುತ್ತಾರೆ, ಅಂದರೆ ಒಳಗಿನ ಐಎಂಎಸ್ಐ ಪೂರ್ತಿ ಬೇರೆ. ಜನಕ್ಕೆ ಗೊತ್ತಿರುವ ಹತ್ತಂಕಿಯನ್ನು ಆ ಹೊಸ ಗುರುತಿಗೆ ಕಟ್ಟುತ್ತಾರೆ, ಈ ನಂಬರ್ ಈಗ ಯಾರ ಹತ್ತಿರ ಇದೆ ಅನ್ನುವುದು ಒಂದು ದತ್ತಸಂಚಯದಲ್ಲಿ ದಾಖಲಾಗುತ್ತದೆ. ಹಾಗಾಗಿ 9821 ನಂಬರಿನವರು ಇವತ್ತು ಯಾವ ಜಾಲದಲ್ಲಾದರೂ ಇರಬಹುದು.

ನಿಮ್ಮದು ಯಾವುದು ಅಂತ ನೋಡಬೇಕಾದರೆ ಆಂಡ್ರಾಯ್ಡ್ ಫೋನಿನ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಎಪಿಎನ್ ತೆರೆದು ಕೆಳಗೆ ಸರಿಸಿ. ಎಂಸಿಸಿ ಎದುರು ದೇಶದ ಕೋಡ್, ಎಂಎನ್‌ಸಿ ಎದುರು ಜಾಲದ ಕೋಡ್ ಇರುತ್ತದೆ. ಏನನ್ನೂ ತಿದ್ದಬೇಡಿ, ಇಂಟರ್ನೆಟ್ ನಿಂತೀತು. ಜಿಯೋ ಸಿಮ್ ಆದರೆ 404ರ ಬದಲು 405 ಕಾಣುತ್ತದೆ. ಎರಡು ಅಂಕಿಯಲ್ಲಿ ಹಿಡಿಸುವುದು 100 ಕೋಡ್ ಮಾತ್ರ, ಕಂಪನಿಗಳೂ ವಲಯಗಳೂ ಅದಕ್ಕಿಂತ ಜಾಸ್ತಿ ಆದವು. 405 ಭಾರತದ ಎರಡನೇ ಕೋಡ್, ಜಿಯೋಗೆ ಅದರಲ್ಲಿ ಮೂರು ಅಂಕಿಯ ಜಾಲಸಂಖ್ಯೆ.