ಪದ ಪರಿಚಯ: ಪರ್ಫೆಕ್ಷನಿಸಂ

ಬೆಳಗಿನ ಐದೂವರೆಗೆ ವಿಜಯಪುರದ ಗೋಳಗುಮ್ಮಟದ ಮುಂದೆ ಬಂದರೆ ಓಡುವವರು, ಸೈಕಲ್ ತುಳಿಯುವವರು ಕಣ್ಣಿಗೆ ಬೀಳುತ್ತಾರೆ. ಅವರಲ್ಲೊಬ್ಬರು ಓಟ ಮುಗಿಸಿ ಮನೆ ಗೇಟಿಗೆ ಬಂದಿದ್ದಾರೆ ಅನ್ನಿ. ವಾಚು 9.86 ಕಿ.ಮೀ. ತೋರಿಸುತ್ತಿದೆ. ಅವರು ಒಳಗೆ ಹೋಗುವುದಿಲ್ಲ. 10.00 ಬೀಳುವವರೆಗೂ ಗೇಟಿನ ಮುಂದೆಯೇ ಅತ್ತಿಂದಿತ್ತ ಓಡುತ್ತಾರೆ. ನಾನೂ ಎಷ್ಟೋ ವರ್ಷ ಹಾಗೆ ಓಡಿದವನು.

ಇದಕ್ಕೆ ಪರ್ಫೆಕ್ಷನಿಸಂ ಅಂತಾರೆ. 'ಪರಿಪೂರ್ಣತೆ' ಅಂದರೆ ಹೊಗಳಿದಂತಾಗುತ್ತದೆ. 'ಚೊಕ್ಕತನದ ಗೀಳು' ಅಂದರೆ ಹತ್ತಿರ. ಚೊಕ್ಕ ಕೆಲಸ ಒಳ್ಳೆಯದೇ. ಗೀಳು ಹಿಡಿದಾಗ ಮಾತ್ರ, ಚೂರು ಏರುಪೇರಾದರೂ ಇಡೀ ಓಟವೇ ಕೆಟ್ಟಿತು, ನಾನೇ ಲಾಯಕ್ಕಿಲ್ಲ ಅನ್ನಿಸತೊಡಗುತ್ತದೆ.

ಮನಶ್ಶಾಸ್ತ್ರಜ್ಞರಾದ ಪಾಲ್ ಹ್ಯುವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಇದನ್ನು ಮೂರು ಬಗೆಯಾಗಿ ಬಿಡಿಸಿ ಹೇಳಿದರು. ತನ್ನ ಮೇಲೆ ತಾನೇ ಹೇರಿಕೊಳ್ಳುವುದು ಒಂದು. ಬೇರೆಯವರ ಮೇಲೆ ಹೇರುವುದು ಇನ್ನೊಂದು. ಮಂದಿ ನನ್ನಿಂದ ತಪ್ಪಿಲ್ಲದ್ದನ್ನೇ ಬಯಸುತ್ತಾರೆ ಅಂದುಕೊಳ್ಳುವುದು ಮೂರನೆಯದು. ದೂರ ಓಡುವವರಿಗೆ ಈ ಮೂರನೆಯದೇ ಜಾಸ್ತಿ ಕಾಡುತ್ತದೆ ಅಂತ ನನಗನ್ನಿಸುತ್ತದೆ. ಓಡಿದ ಲೆಕ್ಕವೆಲ್ಲ ಗೆಳೆಯರ ಮೊಬೈಲಿನಲ್ಲೂ ಕಾಣುತ್ತದೆ ಅಲ್ವಾ.

ಹಾಫ್ ಮ್ಯಾರಥಾನ್ ಅಂದರೆ 21.1 ಕಿ.ಮೀ. ಎರಡು ಗಂಟೆಯೊಳಗೆ ಮುಗಿಸಬೇಕಾದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು. ಒಮ್ಮೆ ನಾನು ಇದೇ ಲೆಕ್ಕ ಹಿಡಿದು ಹೊರಟಿದ್ದೆ. 14ನೇ ಕಿಲೋಮೀಟರಿನಲ್ಲಿ ಎದುರುಗಾಳಿ ಸಿಕ್ಕಿತು, ವಾಚಿನಲ್ಲಿ ಕಿಲೋಮೀಟರಿನ ಲೆಕ್ಕ 6 ನಿಮಿಷ ದಾಟಿತು. ಅಲ್ಲೇ ನಿಂತುಬಿಟ್ಟೆ. ನೀರು ಕೊಡುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು.

"ಯಾಕೋ ತಮ್ಮಾ, ಕಾಲು ಹಿಡದಾವೇನು?"

"ಇಲ್ರೀ."

"ದಮ್ಮು ಹತ್ತೇತೇನು?"

"ಇಲ್ರೀ."

"ಮತ್ಯಾಕ ನಿಂತಿ?"

ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಈ ಪದದ ಬೇರು ಹುಡುಕಿದ್ದು ಆಮೇಲೆ. ಅದು ಲ್ಯಾಟಿನ್ನಿನ 'ಪೆರ್ಫಿಕೆರೆ'. ಅರ್ಥ: ಮಾಡಿ ಮುಗಿಸು, ಕೊನೆ ಮುಟ್ಟಿಸು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಪರ್ಫೆಕ್ಟ್ ಆಗಿಲ್ಲವೆಂದು ನಾನು ಮುಗಿಸದೆಯೇ ಮನೆಗೆ ಬಂದಿದ್ದೆ. ಇನ್ನೂ 7 ಕಿ.ಮೀ. ಬಾಕಿ ಇತ್ತು, ಕಾಲು ಗಟ್ಟಿಯಾಗೇ ಇದ್ದವು.

ಗೀಳು ಒಂದೇ ದಿನಕ್ಕೆ ಬಿಡುವುದಿಲ್ಲ. ನನಗೆ ಮೊದಲು ಕಲಿಸಿದ್ದು ನಮ್ಮೂರ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಮುಟ್ಟುತ್ತದೆ. ಮೈ ತಣ್ಣಗಿಡಲು ರಕ್ತ ಚರ್ಮದ ಕಡೆ ಜಾಸ್ತಿ ಹರಿಯುತ್ತದೆ, ಎದೆಬಡಿತ ಏರುತ್ತದೆ, ಅಷ್ಟೇ ದುಡಿದರೂ ವೇಗ ಇಳಿಯುತ್ತದೆ. ಡಿಸೆಂಬರಿನ ವೇಗವನ್ನು ಮೇ ತಿಂಗಳಲ್ಲಿ ಕೇಳಿದರೆ ಮೈ ಎಲ್ಲಿಂದ ಕೊಟ್ಟೀತು? ಅಂಥ ದಿನ ವಾಚು ಬಿಟ್ಟು ಉಸಿರು ನೋಡುತ್ತೇನೆ. ಪಕ್ಕದವರ ಜೊತೆ ತಡೆಯಿಲ್ಲದೆ ಮಾತಾಡಲು ಬಂದರೆ ಅದು ಹಗುರ ಓಟ, ಅಷ್ಟು ಸಾಕು.

ಸ್ಪರ್ಧೆಗೆ ಹೋಗುವಾಗ ಒಂದೇ ಗುರಿ ಇಟ್ಟುಕೊಳ್ಳುವುದಿಲ್ಲ. ಎಲ್ಲ ಕೂಡಿಬಂದರೆ ಇಷ್ಟು, ಗಾಳಿ ಬಿಸಿಲು ಇದ್ದರೆ ಇಷ್ಟು, ಏನೇ ಆದರೂ ಗೆರೆ ದಾಟುವುದು. ಮೊದಲನೆಯದು ತಪ್ಪಿದರೆ ಎರಡನೆಯದು ಕೈಯಲ್ಲಿರುತ್ತದೆ. ವಾರಕ್ಕೊಂದು ದಿನ ಸುಮ್ನೆ ಕೂರುವುದನ್ನೂ ಕಲಿತೆ. ಮೈ ಸುಧಾರಿಸಿಕೊಳ್ಳುವುದು ಆಗಲೇ.

ಕಳೆದ ಭಾನುವಾರ ಗೇಟಿನ ಮುಂದೆ ವಾಚು 11.93 ತೋರಿಸುತ್ತಿತ್ತು. ಇನ್ನು 70 ಮೀಟರ್. ಕಾಲು ತಡೆಯಲಿಲ್ಲ, ನಾಲ್ಕು ಹೆಜ್ಜೆ ಹಾಕಿಯೇಬಿಟ್ಟೆ. ಆಮೇಲೆ ವಾಚು ನಿಲ್ಲಿಸಿ ಒಳಗೆ ಹೋದೆ.