ಸೆರೆಮನೆಯ ಪ್ರೇಮಕತೆ ಎಲ್ಲಿಂದ ಬಂತು?

ಶನಿವಾರ ಬೆಳಗಾವಿಯ ಹಾಸ್ಟೆಲ್‌ನಿಂದ ಬೈಲಹೊಂಗಲಕ್ಕೆ ಬಂದ ಅಕ್ಕನ ಮಗಳ ಬ್ಯಾಗಿನಲ್ಲಿ ಒಂದು ದಪ್ಪ ಪುಸ್ತಕ ಇತ್ತು. ಕಪ್ಪು ರಟ್ಟು, ಅದರ ಮೇಲೊಂದು ಗುಲಾಬಿ, ಗುಲಾಬಿಗೆ ಸುತ್ತಿದ ಸರಪಳಿ. ಒಬ್ಬ ಗಂಡಸು ಹುಡುಗಿಯೊಬ್ಬಳನ್ನು ಹೊತ್ತೊಯ್ದು ಕೂಡಿಹಾಕುತ್ತಾನೆ, ಕೊನೆಗೆ ಇಬ್ಬರ ನಡುವೆ ಪ್ರೀತಿ ಹುಟ್ಟುತ್ತದೆ. ಇಂಥ ಕಾದಂಬರಿಗೆ ಡಾರ್ಕ್ ರೊಮ್ಯಾನ್ಸ್ ಅಂತ ಹೆಸರು. ನನಗೆ ಸಿಟ್ಟೇ ಬಂತು.

"ಚಿಗವ್ವಾ, ಮೊದ್ಲನೇ ಹಾಳಿ ಓದು. ಆಮ್ಯಾಲೆ ಬೈ," ಅಂದಳು.

ಓದಿದೆ. ಕತೆಗೂ ಮುಂಚೆ ಒಂದು ಪುಟದ ತುಂಬ ಎಚ್ಚರಿಕೆ. ಅಪಹರಣ, ಬಲಾತ್ಕಾರ, ಹೊಡೆತ, ಇವೆಲ್ಲ ಒಳಗಿವೆ. ನಿಮ್ಮಿಂದ ತಡೆಯಲು ಆಗದಿದ್ದರೆ ಇಲ್ಲೇ ಪುಸ್ತಕ ಮುಚ್ಚಿಬಿಡಿ ಅಂತ ಬರೆದವಳೇ ಹೇಳಿದ್ದಾಳೆ. ಈ ಕತೆ ಹೊಸದಲ್ಲ. ಹೊಸದು ಈ ಒಂದು ಹಾಳಿ. ಇಲ್ಲಿಗೆ ಬಂದು ಮುಟ್ಟಲು ಎಷ್ಟು ಕಾಲ ಹಿಡಿಯಿತು ಅನ್ನೋದು ದೊಡ್ಡ ಕತೆ.

1740ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ರಿಚರ್ಡ್‌ಸನ್ 'ಪಮೆಲಾ' ಬರೆದ. ಹದಿನೈದು ವರ್ಷದ ಮನೆಗೆಲಸದ ಹುಡುಗಿ. ಒಡೆಯ ಅವಳ ಮೇಲೆ ಕಣ್ಣು ಹಾಕುತ್ತಾನೆ. ಒಪ್ಪದಿದ್ದಾಗ ದೂರದ ಮನೆಯಲ್ಲಿ ಕೂಡಿಹಾಕಿ ಕಾವಲಿಡುತ್ತಾನೆ. ಅವಳು ಬಚ್ಚಿಟ್ಟು ಬರೆದ ಕಾಗದಗಳನ್ನು ಕಿತ್ತುಕೊಂಡು ಓದಿ ಅವನ ಮನಸ್ಸು ಕರಗುತ್ತದೆ. ಅವನನ್ನೇ ಅವಳು ಮದುವೆಯಾಗುತ್ತಾಳೆ. ಇದನ್ನು ಒಳ್ಳೆಯ ನಡತೆಗೆ ಸಿಕ್ಕ ಫಲ ಅಂತ ಆಗ ಓದಿದರು. ನನಗೆ ಇದು ಇವತ್ತಿನ ಕಪ್ಪು ರಟ್ಟಿನ ಪುಸ್ತಕಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ಅಲ್ಲಿ ಎಚ್ಚರಿಸುವವರು ಯಾರೂ ಇಲ್ಲ.

1919ರಲ್ಲಿ ಇ. ಎಂ. ಹಲ್ ಎಂಬ ಹೆಂಗಸು 'ದಿ ಶೇಕ್' ಬರೆದಳು. ಮರುಭೂಮಿಯ ಶೇಕ್ ಇಂಗ್ಲಿಷ್ ಹುಡುಗಿಯನ್ನು ಹೊತ್ತೊಯ್ಯುತ್ತಾನೆ. ಬಲಾತ್ಕಾರದಿಂದ ಶುರುವಾದದ್ದು ಪ್ರೀತಿಯಲ್ಲಿ ಮುಗಿಯುತ್ತದೆ. 1921ರಲ್ಲಿ ಸಿನಿಮಾ ಆಗಿ, ರುಡಾಲ್ಫ್ ವ್ಯಾಲೆಂಟಿನೊನನ್ನು ಹೆಂಗಸರ ಕನಸಿನ ಗಂಡಾಗಿ ಮಾಡಿತು. ಕೊನೆಯಲ್ಲಿ ಆ ಶೇಕ್ ಹುಟ್ಟಿನಿಂದ ಅರಬನೇ ಅಲ್ಲ, ಯುರೋಪಿನವನು ಅಂತ ಗೊತ್ತಾಗುತ್ತದೆ. ಆ ಕಾಲದ ಬಿಳಿಯ ಓದುಗರಿಗೆ ಅಪಹರಣ ನಡೆಯುತ್ತಿತ್ತು, ಅರಬ ಗಂಡ ನಡೆಯುತ್ತಿರಲಿಲ್ಲ! 1972ರಿಂದ ಈಚೆಗೆ ಅಮೆರಿಕದಲ್ಲಿ ಇಂಥ ಬಲವಂತದ ಪ್ರೇಮದ ಕಾದಂಬರಿಗಳು ಅಗ್ಗದ ಬೆಲೆಗೆ ಬಂದು ಲಕ್ಷಗಟ್ಟಲೆ ಮಾರಾಟವಾದವು.

ಹೆಂಗಸರೇ ಯಾಕೆ ಇವನ್ನು ಬರೆದರು, ಓದಿದರು? 'ನನಗೆ ಆಸೆ ಇದೆ' ಅಂತ ಮರ್ಯಾದಸ್ಥ ಮನೆಯ ಹುಡುಗಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗಂಡು ಬಲವಂತ ಮಾಡಿದರೆ ತಪ್ಪು ಅವನದಾಗುತ್ತದೆ, ಆಸೆಯ ಕಳಂಕ ಇವಳಿಗೆ ತಟ್ಟುವುದಿಲ್ಲ. ಅನೇಕ ವಿಮರ್ಶಕರು ಹೀಗೇ ವಿವರಿಸುತ್ತಾರೆ. ನನಗೂ ಇದು ಸರಿ ಅನ್ನಿಸುತ್ತದೆ.

ಈ ಮಾತು ಬಂದಾಗಲೆಲ್ಲ ಯಾರಾದರೂ 'ಸ್ಟಾಕ್‌ಹೋಮ್ ಸಿಂಡ್ರೋಮ್' ಅಂದುಬಿಡುತ್ತಾರೆ. ಸೆರೆಯಾದವರಿಗೆ ಸೆರೆಹಿಡಿದವನ ಮೇಲೇ ಒಲವು ಹುಟ್ಟುವುದು ಅಂತ ಅದರ ಅರ್ಥ. 1973ರ ಆಗಸ್ಟ್‌ನಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನ ಬ್ಯಾಂಕಿಗೆ ನುಗ್ಗಿದ ದರೋಡೆಕೋರ ನಾಲ್ವರು ಸಿಬ್ಬಂದಿಯನ್ನು ಆರು ದಿನ ಒತ್ತೆ ಇಟ್ಟುಕೊಂಡ. ಅವರು ಅವನ ಪರ ಮಾತಾಡಿದರು ಅಂತ, ಪೊಲೀಸರಿಗೆ ಸಲಹೆ ಕೊಡುತ್ತಿದ್ದ ಮನೋವೈದ್ಯ ಒಂದು ಹೆಸರು ಕೊಟ್ಟ. ಒಳಗಿದ್ದ ಕ್ರಿಸ್ಟಿನ್ ಎನ್‌ಮಾರ್ಕ್ ಪ್ರಧಾನಿಗೇ ಫೋನ್ ಮಾಡಿ ಹೇಳಿದ್ದು ಬೇರೆ. ಪೊಲೀಸರು ನುಗ್ಗಿದರೆ ನಾವೆಲ್ಲ ಸಾಯುತ್ತೇವೆ ಅನ್ನೋದೇ ಅವಳ ಭಯ. ಅದರಲ್ಲಿ ಪ್ರೇಮ ಎಲ್ಲಿದೆ? ಜೀವ ಉಳಿಸಿಕೊಳ್ಳುವ ಲೆಕ್ಕ ಅದು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಹೆಸರಿನ ಕಾಯಿಲೆಯೂ ಇಲ್ಲ.

ನಮ್ಮಲ್ಲಿ ಈ ವಿಷಯ ಮೊದಲಿಂದ ಸ್ಪಷ್ಟ. ಅಶೋಕವನದಲ್ಲಿ ಸೀತೆ ತನಗೂ ರಾವಣನಿಗೂ ನಡುವೆ ಒಂದು ಹುಲ್ಲುಕಡ್ಡಿ ಇಟ್ಟು ಮಾತಾಡಿದಳು. ರುಕ್ಮಿಣಿಯನ್ನು ಕೃಷ್ಣ ಹೊತ್ತೊಯ್ದ ನಿಜ, ಆದರೆ ಬಾ ಅಂತ ಓಲೆ ಕಳಿಸಿದ್ದು ಅವಳೇ. ಇನ್ನು ನಮ್ಮೂರ ಕಡೆಯದೇ ನೋಡಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಇಂಗ್ಲಿಷ್ ಕಲೆಕ್ಟರ್ ಥ್ಯಾಕರೆ ಸತ್ತ ಮೇಲೆ, ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಕಿತ್ತೂರಿನಲ್ಲಿ ಸೆರೆಯಾದರು. ರಾಣಿ ಚೆನ್ನಮ್ಮ ಅವರನ್ನು ಮರ್ಯಾದೆಯಿಂದ ನೋಡಿಕೊಂಡಳು, ಡಿಸೆಂಬರ್‌ನಲ್ಲಿ ಬಿಟ್ಟುಕೊಟ್ಟಳು. ಆದರೂ ಇಂಗ್ಲಿಷರು ದಾಳಿ ಮಾಡಿದರು. ಆಮೇಲೆ ಸೆರೆ ಅವಳ ಪಾಲಿಗೆ ಬಂತು. ಇದೇ ಬೈಲಹೊಂಗಲದಲ್ಲಿ, 1829ರಲ್ಲಿ ಅವಳು ತೀರಿಹೋಗುವವರೆಗೆ. ಅವಳ ಸಮಾಧಿ ನಮ್ಮ ಊರಲ್ಲೇ ಇದೆ. ಸೆರೆಯಲ್ಲಿಟ್ಟವರು ಎಷ್ಟು ಚೆನ್ನಾಗಿ ನೋಡಿಕೊಂಡರೂ ಸೆರೆ ಸೆರೆಯೇ ಅಂತ ಇಲ್ಲಿಯವರಿಗೆ ಯಾರೂ ಕಲಿಸಬೇಕಿಲ್ಲ.

ಕಾನೂನೂ ಅದನ್ನೇ ಹೇಳುತ್ತದೆ. ಮದುವೆಗೆ ಬಲವಂತ ಮಾಡಲು ಹೆಣ್ಣನ್ನು ಅಪಹರಿಸಿದರೆ ಹತ್ತು ವರ್ಷದವರೆಗೆ ಜೈಲು. ಮೊದಲು ಐಪಿಸಿ 366, ಈಗ ಭಾರತೀಯ ನ್ಯಾಯ ಸಂಹಿತೆಯ 87ನೇ ಕಲಂ.

ಹಾಗಾದರೆ ಈ ಎಚ್ಚರಿಕೆಯ ಹಾಳಿ ಯಾವಾಗ ಬಂತು? 2007ರಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನ ಬಂದ ಮೇಲೆ ಯಾರು ಬೇಕಾದರೂ ತಮ್ಮ ಪುಸ್ತಕ ತಾವೇ ಹೊರತರುವಂತಾಯಿತು. ಪ್ರಕಾಶಕರು ಮುಟ್ಟದ ಕತೆಗಳು ಹೊರಬಂದವು. ಓದುಗರಲ್ಲಿ ಹಿಂಸೆ ಅನುಭವಿಸಿದವರೂ ಇದ್ದರು. ಸುಮ್ನೆ ಓದುತ್ತ ಹೋಗಿ ಒಂದು ಪುಟದಲ್ಲಿ ಎದೆ ಒಡೆದವರು ಮೊದಲೇ ಹೇಳಿ ಅಂತ ಕೇಳಿದರು. ಬರೆಯುವವರು ಕೇಳಿಸಿಕೊಂಡರು.

ಆದರೂ ನನ್ನ ಅಂಜಿಕೆ ಪೂರ್ತಿ ಹೋಗಿಲ್ಲ. ಆ ಹಾಳಿಯನ್ನು ಹದಿನಾಲ್ಕರ ಹುಡುಗಿ ದಾಟಿ ಹೋದರೆ ತಡೆಯುವವರು ಯಾರು? ರೀಲ್ಸ್‌ನಲ್ಲಿ ಕಾಣೋದು ಗುಲಾಬಿ ಮಾತ್ರ, ಎಚ್ಚರಿಕೆಯ ಪುಟ ಅಲ್ಲ. ಇದನ್ನೇ ಹುಡುಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನನ್ನ ರೂಮ್‌ಮೇಟ್‌ಗೆ ಕೊಟ್ಟಿದ್ದೆ ಚಿಗವ್ವಾ. ಆ ಹಾಳಿ ಓದಿದ್ಲು, ಪುಸ್ತಕ ಮುಚ್ಚಿ ನನ್ನ ಕಾಟ್ ಮ್ಯಾಲೆ ಇಟ್ಲು. ಯಾಕಂತ ನಾ ಕೇಳ್ಲಿಲ್ಲ. ಆವತ್ತು ರಾತ್ರಿ ಲೈಟ್ ಆರಿಸಬ್ಯಾಡ ಅಂದ್ಲು."