ಗೆರೆಯಾಚೆ ಜಲ್ಲಿ ಸುರಿದರೆ ಸಾಲದೇ?

ಓದುಗರ ಪ್ರಶ್ನೆ: ಟಿ.ವಿ.ಯಲ್ಲಿ ಫಾರ್ಮುಲಾ ಒನ್ ನೋಡಲು ಕೂತರೆ ಹತ್ತು ನಿಮಿಷಕ್ಕೊಮ್ಮೆ ಯಾರದೋ ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ಸಮಯ ಅಳಿಸಿದರು ಅಂತ ಬರುತ್ತದೆ. ಕೇಳಿದರೆ, ಬಿಳಿ ಗೆರೆ ದಾಟಿದ ಅನ್ನುತ್ತಾರೆ. ಗೆರೆಯಾಚೆ ಮೊದಲಿನ ಹಾಗೆ ಜಲ್ಲಿ ಸುರಿದುಬಿಟ್ಟರೆ ಯಾರೂ ದಾಟುವುದಿಲ್ಲವಲ್ಲ? ಡಾಂಬರು ಹಾಕಿ, ಮೇಲೆ ಕ್ಯಾಮೆರಾ ಇಟ್ಟು ಯಾಕೆ ಈ ಪಾಡು? ನನ್ನ ತಂಗಿಯ ಮಗ ಬೈಕ್ ರೇಸಿಗೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಾನೆ, ಅದಕ್ಕೂ ಸೇರಿಸಿ ಕೇಳುತ್ತಿದ್ದೇನೆ. (ತಾಳವಾಡಿಯ ಓದುಗರೊಬ್ಬರು)

ಉತ್ತರ: ಹೊಸೂರಿನಲ್ಲಿ ಶಿಫ್ಟ್ ಮುಗಿಸಿ ಬರುವ ಹುಡುಗರು ಟೀ ಅಂಗಡಿಯಲ್ಲಿ ನನ್ನನ್ನು ಕೇಳುವುದೂ ಇದನ್ನೇ. ವರ್ಷಕ್ಕೆ ನಾಲ್ಕಾರು ವಾರಾಂತ್ಯ ನಾನು ರೇಸುಗಳಿಗೆ ಹೋಗಿ ತಿರುವಿನ ಪಕ್ಕ ಬಾವುಟ ಹಿಡಿದು ನಿಲ್ಲುತ್ತೇನೆ. ಮಾರ್ಷಲ್ ಅನ್ನುತ್ತಾರಲ್ಲ, ಆ ಕೆಲಸ. ಅಲ್ಲಿ ನಿಂತವನ ಕಣ್ಣಿಂದ ಹೇಳುವುದಾದರೆ ನಿಮ್ಮ ಮಾತು ಅರ್ಧ ಸರಿ. ಆ ಅರ್ಧವನ್ನು ಆಸ್ಟ್ರಿಯಾದವರು 2024ರಲ್ಲಿ ಮಾಡಿ ತೋರಿಸಿದರು. ಉಳಿದರ್ಧಕ್ಕೆ ಬರುವ ಮೊದಲು, ಓಡಿಸುವವರು ಗೆರೆ ದಾಟುವುದೇಕೆ ಎಂಬುದು ತಿಳಿಯಬೇಕು.

ನೀವು ತಾಳವಾಡಿಯವರು, ದಿಂಬಂ ಘಾಟಿ ಎಷ್ಟು ಸಲ ಇಳಿದಿದ್ದೀರೋ. ಬಣ್ಣಾರಿ ತಲುಪುವಷ್ಟರಲ್ಲಿ 27 ಹೇರ್‌ಪಿನ್ ತಿರುವು. ಎದುರಿಗೆ ಗಾಡಿ ಇಲ್ಲದಿದ್ದರೆ ಬೈಕಿನವನು ಏನು ಮಾಡುತ್ತಾನೆ? ರಸ್ತೆಯ ಆ ಅಂಚಿನಿಂದ ಒಳಗೆ ಬಂದು ಮತ್ತೆ ಆ ಅಂಚಿಗೇ ಹೋಗುತ್ತಾನೆ. ಹಾಗೆ ಹೋದರೆ ತಿರುವು ಅಗಲವಾಗುತ್ತದೆ, ಬ್ರೇಕ್ ಕಡಿಮೆ ಸಾಕು. ರೇಸಿನಲ್ಲೂ ಲೆಕ್ಕ ಅದೇ. ತಿರುವು ಮುಗಿಯುವ ಕಡೆ ಒಂದು ಗೇಣು ಜಾಗ ಹೆಚ್ಚು ಸಿಕ್ಕಿದರೂ ಆಕ್ಸಿಲರೇಟರ್ ಸ್ವಲ್ಪ ಮೊದಲೇ ಕೊಡಬಹುದು, ಆ ವೇಗ ಮುಂದಿನ ನೇರ ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಒಂದೊಂದು ಲ್ಯಾಪಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿದರೂ ರೇಸ್ ಮುಗಿಯುವ ಹೊತ್ತಿಗೆ ಅದು ಹಲವು ಸೆಕೆಂಡ್ ಆಗಿರುತ್ತದೆ.

ಹೊಲದ ಬದು ಕಡಿಯುವುದು ಹೀಗೆಯೇ. ಒಂದು ವರ್ಷಕ್ಕೆ ಒಂದು ನೇಗಿಲು ಸಾಲು ಆಚೆ ಹೋದರೆ ಯಾರಿಗೂ ಕಾಣದು, ಹತ್ತು ವರ್ಷವಾದ ಮೇಲೆ ಸರ್ವೆಯವರನ್ನು ಕರೆಯಬೇಕಾಗುತ್ತದೆ. ಬದು ಎಲ್ಲರಿಗೂ ಒಂದೇ ಇರಬೇಕು, ಎಲ್ಲರೂ ಒಪ್ಪಿದ ಕಡೆ ಇರಬೇಕು. ಫಾರ್ಮುಲಾ ಒನ್‌ನಲ್ಲಿ ಬಹಳ ಕಾಲ ಅದು ಹಾಗಿರಲಿಲ್ಲ. ಒಂದು ತಿರುವಿನಲ್ಲಿ ಬಿಳಿ ಗೆರೆ ಲೆಕ್ಕ, ಇನ್ನೊಂದರಲ್ಲಿ ಗೆರೆಗೆ ಅಂಟಿಕೊಂಡ ಕೆಂಪು-ಬಿಳಿ ಪಟ್ಟೆಯ ಅಂಚುಗಟ್ಟೆ, ಅಂದರೆ ಕರ್ಬ್ ಲೆಕ್ಕ, ಮತ್ತೊಂದರಲ್ಲಿ ಕೇಳುವವರೇ ಇಲ್ಲ. 2021ರ ಬಹ್ರೇನ್ ರೇಸಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ನಾಲ್ಕನೇ ತಿರುವಿನಲ್ಲಿ 29 ಸಲ ಅಗಲಕ್ಕೆ ಹೋದರೆಂದು ಎಣಿಸಿದವರಿದ್ದಾರೆ. ಅದೇ ತಿರುವಿನಲ್ಲಿ ಕೊನೆಗೆ ಮ್ಯಾಕ್ಸ್ ವರ್ಸ್ಟಾಪನ್ ಗೆರೆಯಾಚೆ ಹೋಗಿ ಅವರನ್ನು ಹಿಂದೆ ಹಾಕಿದಾಗ ಜಾಗ ಹಿಂದಿರುಗಿಸಬೇಕಾಯಿತು. ಹ್ಯಾಮಿಲ್ಟನ್ 0.745 ಸೆಕೆಂಡ್ ಅಂತರದಲ್ಲಿ ಗೆದ್ದರು. ಗೆರೆಯಾಚೆ ಸುಮ್ಮನೆ ಓಡಿಸುವುದಕ್ಕೆ ಒಂದು ನಿಯಮ, ಗೆರೆಯಾಚೆ ಹೋಗಿ ಮುಂದೆ ಬರುವುದಕ್ಕೆ ಇನ್ನೊಂದು! ನೋಡುವವರಿಗೆ ಹೋಗಲಿ, ಓಡಿಸುವವರಿಗೇ ತಲೆಬುಡ ತಿಳಿಯಲಿಲ್ಲ.

2022ರಿಂದ ಆ ಗೊಂದಲ ಹೋಯಿತು. ಟ್ರ್ಯಾಕ್ ಎಂದರೆ ಬಿಳಿ ಗೆರೆಯವರೆಗೆ. ಗೆರೆ ಟ್ರ್ಯಾಕಿಗೆ ಸೇರಿದ್ದು, ಕರ್ಬ್ ಸೇರಿದ್ದಲ್ಲ. ಕಾರಿನ ಯಾವ ಭಾಗವೂ ಟ್ರ್ಯಾಕಿಗೆ ತಾಗದೆ ಹೊರಗಿದ್ದರೆ ಮಾತ್ರ ತಪ್ಪು, ಒಂದು ಚಕ್ರ ಗೆರೆಯ ಮೇಲಿದ್ದರೂ ಬಚಾವು. ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತಿನಲ್ಲಿ ದಾಟಿದರೆ ಆ ಲ್ಯಾಪಿನ ಸಮಯ ಹೋಯಿತು. ರೇಸಿನಲ್ಲಿ ಮೂರನೇ ಸಲಕ್ಕೆ ಕಪ್ಪು-ಬಿಳಿ ಬಾವುಟದ ಎಚ್ಚರಿಕೆ, ನಾಲ್ಕನೆಯದಕ್ಕೆ 5 ಸೆಕೆಂಡ್ ದಂಡ.

ನಿಯಮವೇನೋ ಚೊಕ್ಕವಾಯಿತು, ಕಾಯುವವರಿಗೆ ಸಾಕುಬೇಕಾಯಿತು. 2023ರ ಜುಲೈನಲ್ಲಿ ಆಸ್ಟ್ರಿಯಾದ ರೆಡ್ ಬುಲ್ ರಿಂಗ್‌ನಲ್ಲಿ ಒಂದೇ ರೇಸಿನಲ್ಲಿ 1200ಕ್ಕೂ ಹೆಚ್ಚು ಸಲ ಯಾರೋ ಗೆರೆ ದಾಟಿರಬಹುದೆಂಬ ದೂರು ಬಂತು. ದೂರದ ಕೇಂದ್ರದಲ್ಲಿ ಕುಳಿತು ಅದನ್ನೆಲ್ಲ ನೋಡಲು ಇದ್ದವರು ನಾಲ್ಕೇ ಜನ. ಬಹುಮಾನ ಕೊಟ್ಟು ಮುಗಿದ ಮೇಲೆ, ಒಂದು ತಂಡ ಆಕ್ಷೇಪ ಎತ್ತಿದಾಗ ಮತ್ತೆ ಲೆಕ್ಕ ಹಾಕಿ ಎಂಟು ಚಾಲಕರಿಗೆ ದಂಡ ಹಾಕಿದರು. ನಾಲ್ಕನೆಯವರಾಗಿ ಮುಗಿಸಿದ್ದ ಕಾರ್ಲೋಸ್ ಸೈನ್ಸ್ ಆರನೆಯವರಾದರು. ರೇಸ್ ಮುಗಿದು ಗಂಟೆಗಟ್ಟಲೆ ಆದ ಮೇಲೆ ಯಾರು ಎಷ್ಟನೆಯವರೆಂದು ತಿಳಿಯುವ ಆಟವನ್ನು ನಾನು ಆಟವೆನ್ನಲಾರೆ. ಆ ವರ್ಷದ ಕೊನೆಗೆ ಅಬುಧಾಬಿಯಲ್ಲಿ ಕ್ಯಾಮೆರಾ ಚಿತ್ರವನ್ನು ಮೊದಲು ಕಂಪ್ಯೂಟರ್ ಜರಡಿ ಹಿಡಿದು, ಅನುಮಾನ ಉಳಿದವನ್ನು ಮಾತ್ರ ಮನುಷ್ಯರಿಗೆ ಕಳಿಸುವ ಏರ್ಪಾಡನ್ನು ಪ್ರಯೋಗ ಮಾಡಿದರು.

2024ರಲ್ಲಿ ಆಸ್ಟ್ರಿಯಾದವರು ನೀವು ಹೇಳಿದ್ದನ್ನೇ ಮಾಡಿದರು. 9 ಮತ್ತು 10ನೇ ತಿರುವುಗಳಲ್ಲಿ ಕರ್ಬಿನ ಆಚೆ ಜಲ್ಲಿಯ ಪಟ್ಟಿ ಬಂತು. ಅಗಲಕ್ಕೆ ಹೋದವನಿಗೆ ಸಮಯ ತಾನಾಗಿ ಹೋಗುತ್ತದೆ, ಕ್ಯಾಮೆರಾ ನೋಡಿ ಹೇಳಬೇಕಾಗಿಲ್ಲ. ಹಿಂದಿನ ವರ್ಷದ ರಾಶಿ ದೂರು ಮರುಕಳಿಸಲಿಲ್ಲ. ಆದರೂ ಆ ರೇಸಿನಲ್ಲೇ ಲ್ಯಾಂಡೊ ನಾರಿಸ್‌ಗೆ ಗೆರೆ ದಾಟಿದ್ದಕ್ಕೆ 5 ಸೆಕೆಂಡ್ ದಂಡ ಬಿದ್ದಿತ್ತು. ಎಲ್ಲ ತಿರುವಿಗೂ ಜಲ್ಲಿ ಹಾಕಿರಲಿಲ್ಲ.

ಹಾಗಾದರೆ ಎಲ್ಲ ಕಡೆ ಹಾಕಿಬಿಡಲಿ ಅನ್ನುತ್ತೀರಿ. ಅಲ್ಲಿಂದಲೇ ನನ್ನ ಎದೆ ಡವಗುಟ್ಟುವ ಭಾಗ ಶುರು.

ಮೊದಲು ಜಲ್ಲಿಯ ವಿಷಯ. ನಮ್ಮ ಕೃಷ್ಣಗಿರಿ ಕಡೆ ಕ್ರಷರ್‌ನಿಂದ ಬರುವ ಚೂಪು ಮೂಲೆಯ ಜಲ್ಲಿಯಲ್ಲ ಅದು. ಚೂಪು ಕಲ್ಲು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತದೆ, ರಸ್ತೆಗೆ ಹಾಕುವುದೇ ಅದಕ್ಕೆ. ಟ್ರ್ಯಾಕಿಗೆ ಬೇಕಾದದ್ದು ಹೊಳೆಯಲ್ಲಿ ಉರುಳಿ ನುಣುಪಾದಂಥ ಉರುಟು ಕಲ್ಲು. ಒಕ್ಕಿದ ರಾಗಿಯ ರಾಶಿಯಲ್ಲಿ ಕಾಲಿಟ್ಟರೆ ಹೂತುಹೋಗುವ ಹಾಗೆ ಚಕ್ರ ಅದರಲ್ಲಿ ಹೂತು ಗಾಡಿ ನಿಲ್ಲಬೇಕು. ಸಾಧಾರಣ ವೇಗದಲ್ಲಿ, ಚಕ್ರ ಮುಂದಾಗಿ ಬಂದ ಗಾಡಿ ಹಾಗೇ ನಿಲ್ಲುತ್ತದೆ. ವೇಗ ಹೆಚ್ಚಿದ್ದರೆ ಫಾರ್ಮುಲಾ ಒನ್ ಕಾರಿನ ಚಪ್ಪಟೆ ತಳ ಕಲ್ಲಿನ ಮೇಲೆ ಜಾರುತ್ತದೆ, ನೀರಿನ ಮೇಲೆ ಎಸೆದ ಬಿಲ್ಲೆಯ ಹಾಗೆ. 1999ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟನ್‌ನಲ್ಲಿ ಮೈಕೆಲ್ ಶೂಮಾಕರ್ ಕಾರಿನ ಬ್ರೇಕ್ ಕೈಕೊಟ್ಟಿತು. ಕಾರು ಜಲ್ಲಿಯನ್ನು ದಾಟಿ ನೇರ ಟೈರಿನ ಗೋಡೆಗೆ ಹೊಡೆದು ಅವರ ಕಾಲು ಮುರಿಯಿತು. ಅದೇ ಟ್ರ್ಯಾಕಿನಲ್ಲಿ 2022ರಲ್ಲಿ ಜೋ ಗ್ವಾನ್ಯು ಅವರ ಕಾರು ತಲೆಕೆಳಗಾಗಿ ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗಿ, ಜಲ್ಲಿಗೆ ಸಿಕ್ಕಿ ಪುಟಿದು, ಟೈರಿನ ಗೋಡೆಯನ್ನೇ ಹಾರಿ ಬೇಲಿಯ ಸಂದಿಯಲ್ಲಿ ಸಿಕ್ಕಿಕೊಂಡಿತು. ತಲೆಯ ಮೇಲಿನ ಹೇಲೋ ಕಮಾನು ಜೀವ ಉಳಿಸಿತು. ಅಡ್ಡಡ್ಡ ಜಾರಿ ಬಂದ ಕಾರಾದರೆ ಒಂದು ಬದಿಯ ಚಕ್ರ ಜಲ್ಲಿಯಲ್ಲಿ ನೆಟ್ಟು ಉರುಳಿಬೀಳುವುದೂ ಉಂಟು.

ವೇಗ ಒಂದೂವರೆ ಪಟ್ಟಾದರೆ ಹೊಡೆತದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. 300 ಕಿ.ಮೀ. ವೇಗದಲ್ಲಿ ದಾರಿ ತಪ್ಪಿದವನಿಗೆ ಬೇಕಾದದ್ದು ಬ್ರೇಕ್ ಹಿಡಿಯುವ ನೆಲ. ಟೈರು ಡಾಂಬರನ್ನು ಹಿಡಿದ ಹಾಗೆ ಕಲ್ಲನ್ನು ಹಿಡಿಯುವುದಿಲ್ಲ. ಅದಕ್ಕೇ ಈಚಿನ ದಶಕಗಳಲ್ಲಿ ಟ್ರ್ಯಾಕ್ ಕಟ್ಟುವವರು ತಿರುವಿನಾಚೆ ವಿಶಾಲವಾದ ಡಾಂಬರು ಬಯಲು ಮಾಡಿದರು. ಫ್ರಾನ್ಸಿನ ಪಾಲ್ ರಿಕಾರ್ಡ್‌ನಲ್ಲಿ ನೀಲಿ, ಕೆಂಪು ಪಟ್ಟೆಗಳನ್ನು ನೋಡಿರುತ್ತೀರಿ, ಅಂದಕ್ಕೆ ಬಳಿದದ್ದಲ್ಲ. ನೀಲಿಗಿಂತ ಕೆಂಪು ಇನ್ನೂ ಒರಟು, ದೂರ ಹೋದಷ್ಟೂ ಟೈರನ್ನು ಹೆಚ್ಚು ಉಜ್ಜಿ ನಿಲ್ಲಿಸುತ್ತದೆ. ಜೀವ ಉಳಿಸಲು ಮಾಡಿದ ಆ ಬಯಲೇ ಗೆರೆ ದಾಟುವವರಿಗೆ ಹೆದ್ದಾರಿಯಾಯಿತು. ನಿಮ್ಮ ಪ್ರಶ್ನೆ ಹುಟ್ಟಿದ್ದೇ ಅಲ್ಲಿ.

ಇನ್ನೊಂದು ಮಾತು ಟಿ.ವಿ.ಯಲ್ಲಿ ಕಾಣುವುದಿಲ್ಲ. ಜಲ್ಲಿಯಲ್ಲಿ ಹೂತ ಕಾರು ತಾನಾಗಿ ಹೊರಗೆ ಬರುವುದಿಲ್ಲ, ನಾವು ಹೋಗಬೇಕು. ಮಾರ್ಷಲ್‌ಗೆ ಮೊದಲ ದಿನ ಕಲಿಸುವ ಪಾಠ, ಓಡುವ ಗಾಡಿಗಳಿಗೆ ಬೆನ್ನು ಕೊಡಬೇಡ. ಒಂದು ಸಣ್ಣ ರೇಸಿನಲ್ಲಿ, ಮಳೆ ಬಂದು ಬಿಟ್ಟಿದ್ದ ಮಧ್ಯಾಹ್ನ, ನಾಲ್ಕು ಜನ ಸೇರಿ ಒಂದು ಕಾರನ್ನು ತಳ್ಳುತ್ತಿದ್ದೆವು. ಕಾಲು ಕಣಕಾಲಿನವರೆಗೆ ಕಲ್ಲಿನಲ್ಲಿ ಹೂತಿತ್ತು. ತಳ್ಳಬೇಕಾದರೆ ಬಗ್ಗಲೇಬೇಕು, ಬಗ್ಗಿದರೆ ಬೆನ್ನು ಟ್ರ್ಯಾಕಿನ ಕಡೆಗೇ. ನಿಧಾನಿಸಿ ಎನ್ನುವ ಹಳದಿ ಬಾವುಟ ಬೀಸುತ್ತಿದ್ದರೂ ಒಂದು ಕಾರು ಅದೇ ಜಾಗದಲ್ಲಿ ಜಾರಿ ನಮ್ಮಿಂದ ಹತ್ತಡಿ ಆಚೆ ಬಂದು ನಿಂತಿತು. ಆ ಎಂಜಿನ್ ಸದ್ದು ಇವತ್ತಿಗೂ ಕಿವಿಯಲ್ಲಿದೆ.

2013ರಲ್ಲಿ ಕೆನಡಾ ರೇಸ್ ಮುಗಿದ ಮೇಲೆ ನಿಂತುಹೋಗಿದ್ದ ಕಾರನ್ನು ಸಾಗಿಸುತ್ತಿದ್ದ ಕ್ರೇನ್ ಅಡಿಗೆ ಸಿಕ್ಕಿ ಮಾರ್ಷಲ್ ಒಬ್ಬರು ತೀರಿಕೊಂಡರು. 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ, ಮಳೆಯಲ್ಲಿ, ಮೊದಲೇ ಜಾರಿ ನಿಂತಿದ್ದ ಕಾರನ್ನು ಎತ್ತುತ್ತಿದ್ದ ಟ್ರ್ಯಾಕ್ಟರಿಗೆ ಜೂಲ್ಸ್ ಬಿಯಾಂಕಿ ಅವರ ಕಾರು ಹೋಗಿ ಬಡಿಯಿತು. ಅಲ್ಲಿ ಜೋಡಿ ಹಳದಿ ಬಾವುಟ ಬೀಸುತ್ತಲೇ ಇದ್ದರು. ಪ್ರಜ್ಞೆ ಮರಳದೆ 2015ರ ಜುಲೈನಲ್ಲಿ ಅವರು ತೀರಿಕೊಂಡರು. ಬಾವುಟ ಕಂಡು ನಿಧಾನಿಸುವುದನ್ನು ಚಾಲಕನ ವಿವೇಕಕ್ಕೆ ಬಿಟ್ಟರೆ ಸಾಲದೆಂದು 2015ರಿಂದ ವರ್ಚುವಲ್ ಸೇಫ್ಟಿ ಕಾರ್ ಎಂಬ ನಿಯಮ ಬಂತು, ಎಲ್ಲರೂ ಒಂದೇ ಸಲಕ್ಕೆ ವೇಗ ಇಳಿಸಲೇಬೇಕು. ಹೂತು ನಿಂತ ಒಂದೊಂದು ಕಾರೂ ಇಂಥ ಒಂದು ಗಳಿಗೆಯನ್ನು ತಂದಿಡುತ್ತದೆ. ಜಲ್ಲಿ ಹಾಕಿ ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ಕೋರಿಕೆ.

ಡಾಂಬರೇ ದೇವರು ಅಂತಲೂ ನಾನು ಹೇಳುತ್ತಿಲ್ಲ. 2019ರ ಆಗಸ್ಟ್ 31ರಂದು ಬೆಲ್ಜಿಯಂನ ಸ್ಪಾದಲ್ಲಿ, ಏರುದಾರಿಯ ರೈಡಿಯಾನ್ ತಿರುವಿನ ಬಳಿ ಗೋಡೆಗೆ ಬಡಿದ ಆಂತ್ವಾನ್ ಹ್ಯೂಬರ್ ಅವರ ಕಾರು ಮತ್ತೆ ಹಿಂದಿನಿಂದ ಬರುವ ಕಾರುಗಳ ದಾರಿಗೇ ಬಂತು. 22 ವರ್ಷದ ಹುಡುಗ ಉಳಿಯಲಿಲ್ಲ. 2022ರ ಹೊತ್ತಿಗೆ ಸ್ಪಾದವರು ಅಲ್ಲಿ ಜಾಗ ಅಗಲಿಸಿ, ಹಲವು ತಿರುವುಗಳಿಗೆ ಜಲ್ಲಿ ಮರಳಿ ತಂದರು. ಗೋಡೆ ಎಲ್ಲಿದೆ, ಯಾವ ಕೋನದಲ್ಲಿದೆ, ಬಡಿದ ಗಾಡಿ ಎತ್ತ ಪುಟಿಯುತ್ತದೆ, ಇಷ್ಟನ್ನೂ ನೋಡದೆ ನೆಲಕ್ಕೆ ಏನು ಹಾಕಬೇಕೆಂದು ಹೇಳಲಾಗದು.

ಗೆರೆ ದಾಟದಂತೆ ಉಬ್ಬು ಇಡುವ ಉಪಾಯವೂ ಕೈಕೊಟ್ಟಿದೆ. ಸಾಸೇಜ್ ಕರ್ಬ್ ಎಂಬ ಎತ್ತರದ ದಿಂಬಿನಂಥ ಉಬ್ಬು 2019ರಲ್ಲಿ ಇಟಲಿಯ ಮೊನ್ಜಾದಲ್ಲಿ ಅಲೆಕ್ಸ್ ಪೆರೋನಿ ಎಂಬ ಯುವಕನ ಫಾರ್ಮುಲಾ 3 ಕಾರನ್ನು ಗಾಳಿಗೆ ಎಸೆಯಿತು. ಬೆನ್ನುಮೂಳೆ ಮುರಿದರೂ ಬದುಕಿದ. ಆ ಉಬ್ಬನ್ನು ರಾತ್ರೋರಾತ್ರಿ ಕಿತ್ತರು. 2023ರಲ್ಲಿ ಕತಾರ್‌ನಲ್ಲಿ ಮೊನಚು ಕರ್ಬ್ ಹತ್ತಿ ಹತ್ತಿ ಟೈರಿನ ಪಕ್ಕೆ ಬಿಡತೊಡಗಿತು. 12 ಮತ್ತು 13ನೇ ತಿರುವಿನ ಗೆರೆಯನ್ನು 80 ಸೆಂ.ಮೀ. ಒಳಗೆ ಎಳೆದರು, ಒಂದು ಸೆಟ್ ಟೈರಿನಲ್ಲಿ 18 ಲ್ಯಾಪಿಗಿಂತ ಹೆಚ್ಚು ಓಡಬಾರದೆಂದರು. ಗೆರೆಯನ್ನು ಕೇವಲ ಶಿಸ್ತಿಗೆ ಎಳೆದಿರುತ್ತಾರೆಂದು ತಿಳಿದವರು ಆ ವಾರವನ್ನು ನೆನೆಯಬೇಕು.

ಹೀಗಾಗಿ ನನ್ನ ಮಟ್ಟಿಗೆ ಒಳ್ಳೆಯ ತಿರುವು ಎಂದರೆ ಇದು: ಬಿಳಿ ಗೆರೆ, ಚಪ್ಪಟೆ ಕರ್ಬ್, ಅದರಾಚೆ ಸಮಯ ಕಳೆಯುವಷ್ಟು ಮಾತ್ರ ಸಣ್ಣ ಜಲ್ಲಿ ಪಟ್ಟಿ, ಅದರಾಚೆ ಬ್ರೇಕ್ ಹಿಡಿಯುವ ಡಾಂಬರು, ಕೊನೆಗೆ ಹೊಡೆತ ನುಂಗುವ ತಡೆ. ಪಟ್ಟಿ ಕಿರಿದಾದರೆ ಕಾರು ಹೂಳುವುದಿಲ್ಲ, ದಾಟಿ ಹೋಗುತ್ತದೆ, ನಾವೂ ಒಳಗಿಳಿಯಬೇಕಾಗಿಲ್ಲ.

ಬೈಕಿನ ವಿಷಯ ಬೇರೆ, ನಿಮ್ಮ ತಂಗಿಯ ಮಗನಿಗಾಗಿ ಹೇಳುತ್ತೇನೆ. ಕರ್ಬಿಗೆ ಅಂಟಿಕೊಂಡೇ ಜಲ್ಲಿ ಇದ್ದರೆ ಒಂದು ಗೇಣು ತಪ್ಪಿದವನೂ ಬೀಳುತ್ತಾನೆ, ಟ್ರ್ಯಾಕಿಗೆ ಸಿಡಿದ ಕಲ್ಲು ಹಿಂದಿನವನ ಚಕ್ರಕ್ಕೆ ಸಿಗುತ್ತದೆ. ಅದಕ್ಕೇ ಬೈಕುಗಳ ವಿಶ್ವ ರೇಸಾದ ಮೋಟೋಜಿಪಿಯಲ್ಲಿ ಕರ್ಬಿನಾಚೆ ಹಸಿರು ಬಣ್ಣ ಬಳಿದು, ತಾಗಿದರೆ ತಿಳಿಸುವ ಸೆನ್ಸರ್ ಇಡುತ್ತಾರೆ. ಪದೇ ಪದೇ ತಾಗಿದವನಿಗೆ 2019ರಿಂದ ಲಾಂಗ್ ಲ್ಯಾಪ್ ಶಿಕ್ಷೆ: ಗುರುತು ಮಾಡಿದ ಹೊರದಾರಿಯಲ್ಲಿ ಸುತ್ತಿ ಬರಬೇಕು. 2020ರಲ್ಲಿ ಅದೇ ಆಸ್ಟ್ರಿಯಾದಲ್ಲಿ ಮೋಟೋಜಿಪಿಗಿಂತ ಒಂದು ಮೆಟ್ಟಿಲು ಕೆಳಗಿನ ಮೋಟೋ 2 ರೇಸನ್ನು ಮೊದಲಿಗರಾಗಿ ಮುಗಿಸಿದ ಜಾರ್ಜ್ ಮಾರ್ಟಿನ್, ಕೊನೆಯ ಲ್ಯಾಪಿನಲ್ಲಿ ಹಸಿರಿಗೆ ಹೋದದ್ದಕ್ಕೆ ಎರಡನೆಯವರಾದರು.

2023ರ ಆಗಸ್ಟ್‌ನಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ರೇಸಿನಲ್ಲಿ ಬಿದ್ದು ಪ್ರಾಣ ಬಿಟ್ಟ. ನಮ್ಮ ಹೊಸೂರು ದಾಟಿಯೇ ಬೆಂಗಳೂರಿನ ಮಕ್ಕಳು ಆ ಕಡೆ ಹೋಗುವುದು. ಆವತ್ತಿನಿಂದ ಬೆಳಗಿನ ಹೊತ್ತು ಹೆದ್ದಾರಿಯಲ್ಲಿ ಬೈಕ್ ಹೇರಿಕೊಂಡ ಪಿಕಪ್ ಗಾಡಿ ಕಂಡರೆ ಕಣ್ಣು ಅದರ ಹಿಂದೆಯೇ ಹೋಗುತ್ತದೆ.

ನಿಮ್ಮ ಹುಡುಗನನ್ನು ತಡೆಯಬೇಡಿ, ಬರಿಗೈಯಲ್ಲಿ ಕಳಿಸಲೂ ಬೇಡಿ. ನಿಮಗೆ ಹತ್ತಿರದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 2.1 ಕಿ.ಮೀ. ಉದ್ದದ್ದು. ಯಾವ ಟ್ರ್ಯಾಕಿಗೆ ಹೋದರೂ ಬೈಕ್ ಇಳಿಸುವ ಮೊದಲು ಅವನ ಜೊತೆ ಒಂದು ಸುತ್ತು ಕಾಲ್ನಡಿಗೆಯಲ್ಲಿ ಹಾಕಿ. ಪ್ರತಿ ತಿರುವಿನಲ್ಲೂ ನಿಂತು, ಇಲ್ಲಿ ಬಿದ್ದರೆ ಎತ್ತ ಜಾರುತ್ತೇನೆ, ಎಷ್ಟು ದೂರದಲ್ಲಿ ಗೋಡೆ, ಗೋಡೆಗೆ ಮೆತ್ತೆ ಇದೆಯೇ ಅಂತ ಅವನೇ ಹೇಳಲಿ. ಬಾವುಟದವರು ಎಲ್ಲಿ ನಿಲ್ಲುತ್ತಾರೆ, ಆಂಬುಲೆನ್ಸ್ ಯಾವ ಗೇಟಿನಿಂದ ಬರುತ್ತದೆ ಎಂದು ನೀವು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಅವನ ಬೈಕನ್ನು ಗಾಡಿಯಿಂದ ಇಳಿಸಬೇಡಿ.